ಜೋಡಿ ಇನ್ನೂ ಸಿಕ್ಕಿಲ್ಲ, ಫ್ಲೆಕ್ಸ್ ಮಾತ್ರ ರೆಡಿ

ಭಾನುವಾರ ಬೆಳಿಗ್ಗೆ ಒಂದೇ ಬೈಕಿನಲ್ಲಿ ಮೂವರು ಹುಡುಗರು ಮನೆಗೆ ಬಂದರು. ನಮ್ಮ ಓಣಿಯವರೇ, ಗಣಪತಿ ಚಂದಾ ಎತ್ತಲು ಬರುವ ಮುಖಗಳು. ಹಬ್ಬಕ್ಕೆ ಇನ್ನೂ ಐದು ತಿಂಗಳು ಇದ್ದುದರಿಂದ ನಾನು ಧೈರ್ಯವಾಗಿ ಬಾಗಿಲು ತೆಗೆದೆ. ಒಬ್ಬ ಮೊಬೈಲು ಮುಂದೆ ಹಿಡಿದ. ಇಪ್ಪತ್ತು ಅಡಿ ಅಗಲದ ಫ್ಲೆಕ್ಸಿನ ಡಿಸೈನು. ಮೇಲೆ ಬೆಂಕಿ ಹತ್ತಿದ ಅಕ್ಷರಗಳಲ್ಲಿ ‘ದಾವಣಗೆರೆಯಲ್ಲಿ ಪ್ರಪ್ರಥಮ ಬಾರಿಗೆ ಶತಮಾನದ ಸೂಪರ್‌ಫೈಟ್’. ನಡುವೆ ಎದುರುಬದುರು ನಿಂತ ಎರಡು ಕಪ್ಪು ಆಕೃತಿಗಳು, ಕೈಗೆ ಬಾಕ್ಸಿಂಗ್ ಗ್ಲೌಸು, ಮುಖ ಇರಬೇಕಾದ ಕಡೆ ಒಂದೊಂದು ಪ್ರಶ್ನಾರ್ಥಕ ಚಿಹ್ನೆ. ಕೆಳಗೆ ಶುಭ ಕೋರುವವರು. ಎಣಿಸಿದೆ. ಮೂವತ್ತೆರಡು ತಲೆ, ಅದರಲ್ಲಿ ಹತ್ತೊಂಬತ್ತಕ್ಕೆ ಕೂಲಿಂಗ್ ಗ್ಲಾಸು.

“ಯಾರಿಗೂ ಯಾರಿಗೂ ಫೈಟು?” ಅಂದೆ.

“ಅದು ಆಮೇಲೆ ನೋಡ್ಕೊಳಾಣ ಬಿಡ್ರಿ ಸರ್. ಮೊದ್ಲು ಒಂದು ಹೇಳ್ರಿ, ಸೂಪರ್‌ಫೈಟ್ ಅನ್ನಾಕೆ ಏನೇನು ಬೇಕು?”

ನನ್ನನ್ನೇ ಕೇಳಲು ಕಾರಣ ಇದೆ. 2016ರಲ್ಲಿ ಮಹಮ್ಮದ್ ಅಲಿ ತೀರಿಕೊಂಡಾಗ ಪತ್ರಿಕೆಗೆ ಅರ್ಧ ಪುಟ ಬರೆದಿದ್ದೆ. ಅಂದಿನಿಂದ ಓಣಿಯಲ್ಲಿ ನಾನು ಬಾಕ್ಸಿಂಗ್ ಪಂಡಿತ. ಹೊಡೆದ ಅನುಭವ ಸೊಳ್ಳೆ ಬ್ಯಾಟಿನದು ಮಾತ್ರ.

ಒಳಗಿನ ಕೋಣೆಯಿಂದ ನಮ್ಮ ದೊಡ್ಡಪ್ಪ ಕೆಮ್ಮುತ್ತಾ ಬಂದು ಕುರ್ಚಿ ಎಳೆದುಕೊಂಡರು. ಅವರು ಗರಡಿಮನೆ ಆಳು. ಎಡಗಿವಿ ಒಣಶುಂಠಿಯ ತುಂಡಿನ ಹಾಗೆ ಮುದುಡಿದೆ, ಅದೊಂದೇ ಅವರ ಸರ್ಟಿಫಿಕೇಟು.

ಜೋಡಿ ಸಿಕ್ಕಿಲ್ಲ ಅಂತ ನಾಚಿಕೆಪಡಬೇಡಿ ಎಂದೆ ಹುಡುಗರಿಗೆ. ನೀವು ಜಗತ್ತು ನಡೆಯುವ ದಾರಿಯಲ್ಲೇ ಇದ್ದೀರಿ. ಬಾಕ್ಸರುಗಳಾದ ಫ್ಲಾಯ್ಡ್ ಮೇವೆದರ್, ಮ್ಯಾನಿ ಪಕಿಯಾವ್ ಪಂದ್ಯದ ಮಾತು ಶುರುವಾದದ್ದು 2009ರಲ್ಲಿ. ಒಬ್ಬ, ಪಂದ್ಯದ ದಿನದವರೆಗೂ ಉದ್ದೀಪನ ಮದ್ದಿನ ರಕ್ತಪರೀಕ್ಷೆ ಆಗಲೇಬೇಕು ಅಂದ. ಇನ್ನೊಬ್ಬ, ಹತ್ತಿರದ ದಿನಗಳಲ್ಲಿ ಸೂಜಿ ಚುಚ್ಚಿಸಿಕೊಳ್ಳೋದಿಲ್ಲ ಅಂದ. ವಕೀಲರು ಬಂದರು, ಮಧ್ಯಸ್ಥರು ಬಂದರು. ಅಷ್ಟರಲ್ಲಿ ಪಕಿಯಾವ್ ಫಿಲಿಪ್ಪೀನ್ಸ್‌ನಲ್ಲಿ ಸಂಸದನೂ ಆದ, 2012ರಲ್ಲಿ ಮಾರ್ಕೆಸ್ ಎಂಬವನ ಒಂದೇ ಏಟಿಗೆ ಮುಖ ಅಡಿಯಾಗಿ ಬಿದ್ದೂ ಬಿದ್ದ. ಕೊನೆಗೆ ಇಬ್ಬರೂ ರಿಂಗಿಗೆ ಬಂದದ್ದು 2015ರ ಮೇ 2ರಂದು, ಲಾಸ್ ವೇಗಸ್‌ನಲ್ಲಿ. ಆಗ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಅಮೆರಿಕದಲ್ಲಿ ಮನೆಯಲ್ಲಿ ಕೂತು ನೋಡುವುದಕ್ಕೇ ಹತ್ತಿರ ಹತ್ತಿರ 100 ಡಾಲರ್. ಹಾಗೆ ಚಂದಾ ಕೊಟ್ಟ ಮನೆ 46 ಲಕ್ಷ. ಹನ್ನೆರಡು ರೌಂಡು ಸುತ್ತಿದರು, ಒಬ್ಬನ ಮೊಣಕಾಲೂ ನೆಲ ಮುಟ್ಟಲಿಲ್ಲ. ಮುಗಿದ ಮೇಲೆ ಪಕಿಯಾವ್, ಭುಜ ಮೊದಲೇ ನೋಯುತ್ತಿತ್ತು ಅಂದ.

ಅಮೆರಿಕದ ಪಂದ್ಯ ದಲ್ಲಾಳಿಗಳು ಈ ಕಾಯಿಸುವಿಕೆಗೆ ಒಂದು ಅಡುಗೆಮನೆ ಮಾತು ಇಟ್ಟುಕೊಂಡಿದ್ದಾರೆ, ಮಸಾಲೆ ಹಚ್ಚಿ ನೆನೆಯಲು ಬಿಡುವುದು ಅಂತ. ನೆನೆಹಾಕುವ ವಿದ್ಯೆಯನ್ನು ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೋಸೆ ಹಿಟ್ಟು ಒಂದು ರಾತ್ರಿ ಹುಳಿ ಬಂದರೆ ಕಾವಲಿ ಮೇಲೆ ಚುರ್ ಅಂತ ಹಾಡುತ್ತದೆ. ಎರಡನೇ ದಿನಕ್ಕೆ ಉತ್ತಪ್ಪ ಮಾಡಬಹುದು. ಆರು ವರ್ಷ ಇಟ್ಟ ಹಿಟ್ಟನ್ನು ಮೋರಿಗೆ ಚೆಲ್ಲಬೇಕು. ಇವರು ಅದನ್ನು ನೂರು ಡಾಲರಿಗೆ ಮಾರಿದರು, ಗಿರಾಕಿ ಬಾಯಿ ಒರೆಸಿಕೊಂಡು ಬಿಲ್ ಕೊಟ್ಟು ಹೋದ.

“ಅಂದ್ರೆ ಲೇಟ್ ಆದಷ್ಟೂ ಒಳ್ಳೇದು,” ಎಂದು ಒಬ್ಬ ಮೊಬೈಲಿನಲ್ಲಿ ಬರೆದುಕೊಂಡ. ನಾನು ಹೇಳಿದ್ದು ಅದಲ್ಲ. ಆದರೆ ತಿದ್ದಲಿಲ್ಲ, ಅಷ್ಟು ಹೊತ್ತಿಗೆ ಇನ್ನೊಬ್ಬ ಪೇಪರಿನಲ್ಲಿ ಕಟ್ಟಿಸಿ ತಂದ ಮಂಡಕ್ಕಿ ಮಿರ್ಚಿ ಬಿಚ್ಚಿದ್ದ.

ಮುಂದಿನ ಪ್ರಶ್ನೆ ಬಹುಮಾನದ್ದು. ಬೆಳ್ಳಿ ಗದೆಯೋ, ಕಡಗವೋ? ಎರಡೂ ಬೇಡ, ಬಾಕ್ಸಿಂಗ್ ಚಾಂಪಿಯನ್ನು ಸೊಂಟಕ್ಕೆ ಕಟ್ಟುವ ಪಟ್ಟದ ಬೆಲ್ಟು ಇಡಿ ಎಂದೆ. ಬೆಲ್ಟಿನ ಗುಣ ಏನೆಂದರೆ ಅದು ಎಷ್ಟು ಬೇಕಾದರೂ ಮರಿ ಹಾಕುತ್ತದೆ. ಒಂದು ಕಾಲಕ್ಕೆ ಬಾಕ್ಸಿಂಗ್‌ನಲ್ಲಿ ಎಂಟು ತೂಕ, ಎಂಟು ಜನ ವಿಶ್ವ ಚಾಂಪಿಯನ್. ಈಗ ಎಲ್ಲರೂ ಒಪ್ಪುವ ತೂಕದ ವರ್ಗವೇ 17. ಚಾಂಪಿಯನ್ ಎಂದು ಮೊಹರು ಒತ್ತುವ ದೊಡ್ಡ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಗುಣಿಸಿದರೆ 68. ಇಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಸಂಸ್ಥೆಯ ಒಂದೇ ತೂಕದಲ್ಲಿ ಸೂಪರ್ ಚಾಂಪಿಯನ್ ಒಬ್ಬ, ರೆಗ್ಯುಲರ್ ಒಬ್ಬ, ಇಬ್ಬರೂ ಊರಲ್ಲಿಲ್ಲದಾಗ ಪಟ್ಟ ನೋಡಿಕೊಳ್ಳಲು ಇಂಟರಿಮ್ ಒಬ್ಬ. ಮತ್ತೊಂದು ಸಂಸ್ಥೆಯಲ್ಲಿ ಡೈಮಂಡು, ಫ್ರಾಂಚೈಸು. ಪಂದ್ಯ ನಡೆದಾಗಲೆಲ್ಲ ಸಂಸ್ಥೆಗೆ ಒಂದು ಪಾಲು ಸಲ್ಲುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಅರ್ಥವಾಗದಿದ್ದರೆ ನಮ್ಮೂರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಹಳೇ ಬಸ್ ನಿಲ್ದಾಣದಿಂದ ಹೊರಟು ಪಿ.ಬಿ. ರಸ್ತೆ ಹಿಡಿದು ವಿದ್ಯಾನಗರ ಮುಟ್ಟುವ ಹೊತ್ತಿಗೆ ‘ಒರಿಜಿನಲ್ ಬೆಣ್ಣೆ ದೋಸೆ’ ಕಣ್ಣಿಗೆ ರಾಚುವಷ್ಟು ಬೋರ್ಡುಗಳಲ್ಲಿ ಕಾಣುತ್ತದೆ. ಒಂದು ಒರಿಜಿನಲ್, ಇನ್ನೊಂದು ಹಳೇ ಒರಿಜಿನಲ್, ಅದರೆದುರಿಗೆ ‘ನಮ್ಮಲ್ಲಿ ಬೇರೆ ಶಾಖೆ ಇರುವುದಿಲ್ಲ’ ಎನ್ನುವವರ ಎರಡನೇ ಶಾಖೆ. ಆದರೂ ಇಲ್ಲೊಂದು ನ್ಯಾಯ ಉಳಿದಿದೆ. ಸೌದೆ ಒಲೆಯ ಹೊಗೆ ಕುಡಿದ ಕಾವಲಿಯ ಮುಂದೆ ಗಿರಾಕಿ ನಿಂತಿರುತ್ತಾನೆ, ದೋಸೆಯ ಮೇಲೆ ಬಿಳಿ ಬೆಣ್ಣೆಯ ಮುದ್ದೆ ಕರಗುವ ರೀತಿ ನೋಡುತ್ತಾನೆ, ಪಲ್ಯದ ಜೊತೆ ಒಂದು ತುತ್ತು ಬಾಯಿಗಿಟ್ಟು ಎರಡು ನಿಮಿಷದಲ್ಲಿ ತೀರ್ಪು ಕೊಡುತ್ತಾನೆ. ಹೆವಿವೇಟ್ ಬಾಕ್ಸಿಂಗ್‌ಗೆ ಈ ತೀರ್ಪು ಸಿಗಲು 25 ವರ್ಷ ಹಿಡಿಯಿತು. 1999ರಲ್ಲಿ ಲೆನಾಕ್ಸ್ ಲೂಯಿಸ್ ಎಲ್ಲರ ಒಪ್ಪಿಗೆಯ ಒಬ್ಬನೇ ಚಾಂಪಿಯನ್ ಆಗಿದ್ದ. ಆಮೇಲಿನ ಒಬ್ಬನೇ ಒಬ್ಬ ಸಿಕ್ಕಿದ್ದು 2024ರ ಮೇ 18ರಂದು, ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಒಲೆಕ್ಸಾಂಡರ್ ಉಸಿಕ್ ಸೋಲಿಸಿದಾಗ. ಅದೂ ಮೂವರು ತೀರ್ಪುಗಾರರಲ್ಲಿ ಒಬ್ಬ ತಕರಾರು ತೆಗೆದ ಮೇಲೆ. ಉಸಿಕ್ ನಾಲ್ಕೂ ಬೆಲ್ಟು ಒಟ್ಟಿಗೆ ಇಟ್ಟುಕೊಂಡದ್ದು ವಾರಗಳ ಲೆಕ್ಕದಲ್ಲಿ, ಆ ಬೇಸಿಗೆ ಮುಗಿಯುವ ಮೊದಲೇ ಒಂದನ್ನು ಕಳಚಿ ಕೊಡಬೇಕಾಯಿತು.

“ರಿಯಾದ್ ಯಾಕ್ರಿ ಸರ್? ಅವನು ಉಕ್ರೇನು, ಇವನು ಇಂಗ್ಲೆಂಡು.”

ಹುಡುಗ ಜಾಣ. ಊರು ಆರಿಸುವುದು ಹೊಡೆದಾಡುವವರಲ್ಲ, ದುಡ್ಡು ಹಾಕುವವರು. 1974ರಲ್ಲಿ ಜಾರ್ಜ್ ಫೋರ್‌ಮನ್, ಅಲಿ ಇಬ್ಬರೂ ಅಮೆರಿಕದವರೇ. ಪಂದ್ಯ ನಡೆದದ್ದು ಮಾತ್ರ ಆಫ್ರಿಕಾದ ಜೈರೆ ದೇಶದ ಕಿನ್ಶಾಸಾದಲ್ಲಿ. ತಲಾ 50 ಲಕ್ಷ ಡಾಲರ್ ಕೊಡುತ್ತೇನೆಂದು ಪಂದ್ಯ ದಲ್ಲಾಳಿ ಡಾನ್ ಕಿಂಗ್ ಇಬ್ಬರಿಂದಲೂ ಸಹಿ ಹಾಕಿಸಿಕೊಂಡುಬಿಟ್ಟ, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಅಲ್ಲಿನ ಸರ್ವಾಧಿಕಾರಿ ಮೊಬುಟು ಮುಂದೆ ಬಂದ. ದೇಶದ ಹೆಸರು ಜಗತ್ತಿನ ಬಾಯಲ್ಲಿ ಬರಲಿ ಎಂಬುದು ಅವನ ಆಸೆ, ಖರ್ಚು ಪ್ರಜೆಗಳದು. ಅಭ್ಯಾಸದಲ್ಲಿ ಫೋರ್‌ಮನ್‌ನ ಹುಬ್ಬು ಸೀಳಿ ಪಂದ್ಯ ಐದು ವಾರ ಮುಂದೆ ಹೋಯಿತು. ಕೊನೆಗೆ ಅಕ್ಟೋಬರ್ 30ರಂದು ನಡೆಯಿತು, ಬೆಳಗಿನ ಜಾವ ನಾಲ್ಕು ಗಂಟೆಗೆ! ಅಮೆರಿಕದಲ್ಲಿ ಟಿಕೆಟ್ ಕೊಂಡು ಪರದೆ ಮುಂದೆ ಕೂರುವವರಿಗೆ ಅದು ರಾತ್ರಿ ಊಟದ ನಂತರದ ಸಮಯ. ನಮ್ಮಲ್ಲಾದರೆ ಹಾಲಿನ ವ್ಯಾನು ಬರುವ ಹೊತ್ತು. ಅರವತ್ತು ಸಾವಿರ ಜನ ನಿದ್ದೆಗೆಟ್ಟು ಕಾದರು. ಅಲಿ ಹಗ್ಗಕ್ಕೆ ಒರಗಿಕೊಂಡು ರೌಂಡಿನ ಮೇಲೆ ರೌಂಡು ಹೊಡೆಸಿಕೊಂಡ, ಹೊಡೆದು ಹೊಡೆದು ಸುಸ್ತಾದವನನ್ನು ಎಂಟನೆಯದರಲ್ಲಿ ಕೆಡವಿದ. ಮುಂದಿನ ವರ್ಷ ಇದೇ ಅಲಿ ಜೋ ಫ್ರೇಜಿಯರ್ ಜೊತೆ ಮೂರನೇ ಸಲ, ಮಾರ್ಕೋಸ್ ಆಳುತ್ತಿದ್ದ ಫಿಲಿಪ್ಪೀನ್ಸ್‌ನಲ್ಲಿ. ಅಲ್ಲೂ ಅಮೆರಿಕದ ಗಡಿಯಾರಕ್ಕೆ ಹೊಂದಿಸಿ ಬೆಳಿಗ್ಗೆಯೇ ಕೈ ಕೂಡಿಸಿದರು.

ಮೊಬುಟು ಇದ್ದರು, ಮಾರ್ಕೋಸ್ ಇದ್ದರು, ಈಗ ಸೌದಿಯವರಿದ್ದಾರೆ. ನಿಮಗೆ ಯಾರಿದ್ದಾರೆ?

“ಚನ್ನಗಿರಿ ಕಡೆ ಅಡಿಕೆ ಸಾಹುಕಾರ್ರು ಒಬ್ರು ಅದಾರೆ ಸರ್. ಫೋಟೊ ದೊಡ್ಡದು ಹಾಕಿದ್ರೆ ಕೊಡ್ತಾರಂತೆ. ಅವರಿಗೆ ಸಂಜೆ ಆರಕ್ಕೇ ಆಗ್ಬೇಕಂತೆ, ಎಂಟಕ್ಕೆ ಮಲಗ್ತಾರೆ.”

ಸರಿ, ಯಾವ ದೇಶದಲ್ಲೂ ನಿಯಮ ಒಂದೇ.

ಇನ್ನು ದ್ವೇಷ. ಇಬ್ಬರು ಹೊಡೆದಾಡಿದರೆ ಅದು ಬರೀ ಫೈಟು. ಇಬ್ಬರ ಬೆನ್ನ ಹಿಂದೆ ಎರಡು ಗುಂಪು ಹಲ್ಲು ಕಡಿಯುತ್ತಾ ನಿಂತರೆ ಸೂಪರ್ರು. 1910ರ ಜುಲೈ 4ರಂದು ಅಮೆರಿಕದ ರೀನೋದಲ್ಲಿ ಜಾಕ್ ಜಾನ್ಸನ್, ಜಿಮ್ ಜೆಫ್ರೀಸ್ ಎದುರಾದರು. ಜಾನ್ಸನ್ ಮೊದಲ ಕಪ್ಪುವರ್ಣೀಯ ಹೆವಿವೇಟ್ ಚಾಂಪಿಯನ್. ಜೆಫ್ರೀಸ್ ನಿವೃತ್ತನಾಗಿ ಹೊಲ ಮಾಡಿಕೊಂಡು ಮೈ ಬೆಳೆಸಿದ್ದ. ಬಿಳಿಯರ ಮಾನ ಉಳಿಸು ಎಂದು ಅವನನ್ನು ಎಳೆದು ತಂದು, ಸುಮಾರು 45 ಕಿಲೋ ಇಳಿಸಿ, ರಿಂಗಿಗೆ ದೂಡಿದರು. ಪಂದ್ಯ ಏರ್ಪಡಿಸಿದ ಟೆಕ್ಸ್ ರಿಕಾರ್ಡ್ ತಾನೇ ರೆಫರಿಯೂ ಆದ. ಮದುಮಗಳ ಅಪ್ಪನೇ ಪುರೋಹಿತನಾದಂತೆ. 15ನೇ ರೌಂಡಿನಲ್ಲಿ ಜೆಫ್ರೀಸ್ ಬಿದ್ದ. ಅಂದು ರಾತ್ರಿ ಅಮೆರಿಕದ ಊರೂರುಗಳಲ್ಲಿ ಗಲಭೆ, ಸತ್ತವರಲ್ಲಿ ಹೆಚ್ಚಿನವರು ಕಪ್ಪುಜನ. ಕೋಣಗಳೆರಡು ಕಾದಾಡಿ ಗಿಡಕ್ಕೆ ಸಾವು ಬಂತು ಎನ್ನುವ ಹಳೇ ಮಾತಿದೆಯಲ್ಲ, ಇಲ್ಲಿ ಕೋಣಗಳಿಗೆ ಹಣವಾದರೂ ಸಿಕ್ಕಿತ್ತು. ಇದನ್ನು ಹೇಳುವಾಗ ಹುಡುಗರು ಮಿರ್ಚಿ ತಿನ್ನುವುದು ನಿಲ್ಲಿಸಿದರು. ನಾನೂ ಬೇಗ ಮುಂದಕ್ಕೆ ಹೋದೆ, ವಿಡಂಬನೆಗೆ ಬಗ್ಗುವ ವಿಷಯವಲ್ಲ ಅದು.

1938ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕದ ಕಪ್ಪುವರ್ಣೀಯ ಜೋ ಲೂಯಿಸ್, ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. ಎರಡು ವರ್ಷದ ಹಿಂದೆ ಶ್ಮೆಲಿಂಗ್ ಗೆದ್ದಿದ್ದ, ಹಿಟ್ಲರನ ಕಡೆಯವರು ಅದನ್ನು ತಮ್ಮ ಕುಲದ ಗೆಲುವೆಂದು ಡಂಗುರ ಹೊಡೆದಿದ್ದರು. ಈ ಸಲ ಲೂಯಿಸ್ 124 ಸೆಕೆಂಡಿಗೆ ಮುಗಿಸಿದ. ದೇಶಗಳು ಯುದ್ಧಕ್ಕೆ ಹೋದವು, ಆ ಇಬ್ಬರು ಮಾತ್ರ ಮುಂದೆ ಗೆಳೆಯರಾದರು. ಸಾಹುಕಾರರು ಒಪ್ಪುವ ಕಥೆಯಲ್ಲ ಇದು.

ನಮ್ಮ ದೇಶದ್ದೂ ಒಂದಿದೆ. 2017ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ವಿಜೇಂದರ್ ಸಿಂಗ್ ಎದುರು ಚೀನಾದ ಜುಲ್ಪಿಕಾರ್. ಆಗ ಡೋಕ್ಲಾಮ್ ಗಡಿಯಲ್ಲಿ ಎರಡು ಸೈನ್ಯ ಮುಖಾಮುಖಿ ನಿಂತಿದ್ದವು. ಗಡಿಯಲ್ಲಿ ಹಾರದ ಗುಂಡೆಲ್ಲ ಟೀವಿಯಲ್ಲಿ ಹಾರಿತು. ಹತ್ತು ರೌಂಡಿನ ನಂತರ ಅಂಕದ ಮೇಲೆ ಗೆದ್ದ ವಿಜೇಂದರ್, ಗಡಿಯಲ್ಲಿ ಶಾಂತಿ ಇರಲಿ, ಗೆದ್ದ ಬೆಲ್ಟನ್ನೇ ವಾಪಸು ಕೊಡುತ್ತೇನೆ ಅಂದುಬಿಟ್ಟ. ಅಷ್ಟು ದಿನ ಕಾಯಿಸಿದ ಬೆಂಕಿಗೆ ಅವನೇ ನೀರು ಹೊಯ್ದ.

“ನಮಗೆ ಚೀನಾದವ ಎಲ್ಲಿ ಸಿಗ್ತಾನೆ?” ಎಂಬ ಚಿಂತೆ ಶುರುವಾಯಿತು. ಹರಿಹರದವನು ಆಗುತ್ತಾನಾ ಅಂತ ಒಬ್ಬ. ಹರಿಹರ ತೀರಾ ಹತ್ತಿರ, ಸಂಜೆಗೆ ರಾಜಿ ಮಾಡಿಕೊಂಡು ಬರುತ್ತಾರೆ ಅಂತ ಇನ್ನೊಬ್ಬ. ಚಿತ್ರದುರ್ಗ ಎಂದೆ ನಾನು. 1997ರವರೆಗೆ ನಾವು ಆ ಜಿಲ್ಲೆಯವರೇ, ಆಗಸ್ಟ್ 15ರಂದು ಬೇರೆ ಮನೆ ಮಾಡಿದೆವು. ಪಾಲಾದ ಅಣ್ಣತಮ್ಮಂದಿರಿಗಿಂತ ಹಳೇ ಸಿಟ್ಟು ಯಾರಲ್ಲಿದೆ? ಮೂವರ ಕಣ್ಣೂ ಹೊಳೆದವು. ಐದು ನಿಮಿಷದಲ್ಲಿ ಫ್ಲೆಕ್ಸಿಗೆ ಹೆಸರು ಹುಟ್ಟಿತು: ‘ದುರ್ಗದ ಕೋಟೆ ಹುಲಿ ವರ್ಸಸ್ ದಾವಣಗೆರೆಯ ಬೆಣ್ಣೆ ಸಿಂಹ’. ಬೆಣ್ಣೆಯ ಸಿಂಹ ಬಿಸಿಲಿಗೆ ಎಷ್ಟು ಹೊತ್ತು ನಿಂತೀತು ಎಂಬ ನನ್ನ ಅನುಮಾನಕ್ಕೆ ಯಾರೂ ಬೆಲೆ ಕೊಡಲಿಲ್ಲ.

ಹೆಸರಾದ ಮೇಲೆ ಬೈಗುಳ. 2017ರಲ್ಲಿ ಮೇವೆದರ್, ಒದೆತ ಕುಸ್ತಿ ಎಲ್ಲ ಬೆರೆತ ಎಂಎಂಎ ಕಾದಾಟದ ಕಾನರ್ ಮೆಕ್‌ಗ್ರೆಗರ್ ನಾಲ್ಕು ದಿನದಲ್ಲಿ ನಾಲ್ಕು ಊರು ಸುತ್ತಿ ಬೈದಾಡಿದರು. ಮೆಕ್‌ಗ್ರೆಗರ್‌ಗೆ ಅದು ವೃತ್ತಿಪರ ಬಾಕ್ಸಿಂಗ್‌ನ ಮೊದಲ ಪಂದ್ಯ. ಮೇವೆದರ್‌ಗೆ ಐವತ್ತನೆಯ ಗೆಲುವು. ಒಂದನೇ ಕ್ಲಾಸಿನ ಮಗುವಿಗೂ ಹೆಡ್‌ಮಾಸ್ತರಿಗೂ ಓಟದ ಪಂದ್ಯ ಇಟ್ಟ ಹಾಗೆ, ಜಗತ್ತು ದುಡ್ಡು ಕೊಟ್ಟು ನೋಡಿತು. ಬೈಗುಳದ ಶಕ್ತಿ ನಮಗೆ ಹೊಸದಲ್ಲ. ಕುರುಕ್ಷೇತ್ರ ಮುಗಿದ ಮೇಲೆ ದುರ್ಯೋಧನ ಸರೋವರದೊಳಗೆ ನಿವೃತ್ತಿ ತೆಗೆದುಕೊಂಡಿದ್ದ. ಭೀಮ ದಡದಲ್ಲಿ ನಿಂತು ನಡೆಸಿದ ಪ್ರೆಸ್‌ಮೀಟಿಗೆ ನೀರಿನಲ್ಲಿದ್ದವನಿಗೂ ಸೆಕೆಯಾಗಿ ಎದ್ದು ಬಂದ. ಮೂಲೆಯಲ್ಲಿದ್ದ ಕೃಷ್ಣನ ಸೂಚನೆ, ಸೊಂಟದ ಕೆಳಗೆ ಏಟು, ತೀರ್ಥಯಾತ್ರೆಯಿಂದ ಬಂದ ಬಲರಾಮನ ತಕರಾರು, ಎಲ್ಲವೂ ಇತ್ತು. ಟಿಕೆಟ್ ಒಂದಿರಲಿಲ್ಲ.

ಇಷ್ಟೂ ಹೊತ್ತು ಸುಮ್ಮನಿದ್ದ ದೊಡ್ಡಪ್ಪ ಬಾಯಿ ತೆರೆದರು. “ಮೊನ್ನೆ ಮೊನ್ನೆ ಮೊಬೈಲ್ನಾಗೆ ತೋರ್ಸಿದ್ಯಲ್ಲ, ಮುದುಕನ್ನ ಹೊಡೆದದ್ದು, ಅದೂ ಸೂಪರ್ರೇನು?”

ಮೊನ್ನೆ ಎಂದರೆ 2024ರ ನವೆಂಬರ್. ಮೈಕ್ ಟೈಸನ್‌ಗೆ 58, ಯೂಟ್ಯೂಬಿನಿಂದ ರಿಂಗಿಗೆ ಬಂದ ಜೇಕ್ ಪಾಲ್‌ಗೆ 27. ನಮಗೆ ಶನಿವಾರ ಬೆಳಿಗ್ಗೆ. ತಿಂಡಿ ಮುಗಿಸಿ ಕೂತರೆ ಮೊಬೈಲಿನಲ್ಲಿ ಒಂದು ಚಕ್ರ ತಿರುಗುತ್ತಲೇ ಇತ್ತು. ದೊಡ್ಡಪ್ಪ ಕನ್ನಡಕ ಏರಿಸಿ, “ರೌಂಡು ರೌಂಡು ಅಂತಿದ್ಯಲ್ಲ, ಇದೇ ಏನು?” ಎಂದು ಕೇಳಿದ್ದರು. ಚಿತ್ರ ಬಂದ ಮೇಲೂ ಬಹಳ ವ್ಯತ್ಯಾಸ ಆಗಲಿಲ್ಲ. ಎರಡೆರಡು ನಿಮಿಷದ ಎಂಟು ರೌಂಡು, ಟೈಸನ್ ತನ್ನ ಗ್ಲೌಸನ್ನೇ ಕಚ್ಚಿಕೊಂಡು ನಿಂತಿದ್ದ. ಇದೇ ಟೈಸನ್ 1988ರಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದವನು. ಇಬ್ಬರೂ ಅಲ್ಲಿಯವರೆಗೆ ಸೋಲದವರು, ಅದಕ್ಕೂ ಸೂಪರ್ ಎಂದೇ ಹೆಸರು. 1997ರಲ್ಲಿ ರಿಂಗಿನಲ್ಲೇ ಎದುರಾಳಿ ಹೋಲಿಫೀಲ್ಡನ ಕಿವಿ ಕಚ್ಚಿದವನೂ ಇವನೇ. ಅದನ್ನು ಮೊದಲ ಸಲ ಹೇಳಿದಾಗ ದೊಡ್ಡಪ್ಪನ ಕೈ ತಾನಾಗಿ ಎಡಗಿವಿಗೆ ಹೋಗಿತ್ತು. “ನಂದು ಮೂರು ವರ್ಷ ಅಖಾಡದಾಗೆ ಉಜ್ಜಿ ಉಜ್ಜಿ ಆದದ್ದು. ಕಚ್ಚಿದ್ರೆ ಒಂದೇ ದಿನಕ್ಕೆ ಆಗ್ತಿತ್ತು, ಯಾರೂ ಹೇಳ್ಲೇ ಇಲ್ಲ.”

ಹುಡುಗರಿಗೆ ಅವರು ಜೋಡಿ ಕಟ್ಟುವ ಬಗೆ ಹೇಳತೊಡಗಿದರು. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಹಿರಿಯನೊಬ್ಬ ಇಬ್ಬರ ಮಣಿಕಟ್ಟು ಹಿಡಿದು ಅಖಾಡದ ಸುತ್ತ ನಡೆಸುತ್ತಾನೆ. ಜನ ನೋಡುತ್ತಾರೆ, ಎದೆ, ತೊಡೆ, ಕುತ್ತಿಗೆ. ಸರಿಬಂದರೆ ಹಲಗೆ ಬಡಿಯುತ್ತದೆ. ಸರಿಬರದಿದ್ದರೆ ಮೂಲೆಯಿಂದ ಯಾವನೋ ಒಬ್ಬ “ಜೋಡಿ ಸರಿಯಿಲ್ಲ, ಬಿಡ್ರೋ” ಎಂದು ಕೂಗುತ್ತಾನೆ, ಅಲ್ಲಿಗೆ ಮುಗಿಯಿತು. ವಕೀಲ ಇಲ್ಲ, ರಕ್ತಪರೀಕ್ಷೆ ಇಲ್ಲ.

ದೊಡ್ಡಪ್ಪನಿಗೆ ಬಹಳ ಇಷ್ಟವಾದ ಕಥೆ ಗಾಮಾ ಪೈಲ್ವಾನನದು. ಜಾನ್ಸನ್ ಪಂದ್ಯ ನಡೆದ ಅದೇ 1910ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಗಾಮಾ ಎದುರು ಪೋಲೆಂಡಿನ ಜಬಿಸ್ಕೊ. ಶುರುವಾಗುತ್ತಿದ್ದಂತೆ ಜಬಿಸ್ಕೊ ಹೊಟ್ಟೆ ಅಡಿಯಾಗಿ ನೆಲ ಅಪ್ಪಿಕೊಂಡು ಮಲಗಿದ. ಎರಡೂವರೆ ಗಂಟೆ ಮಿಕ್ಕಿ ಎಬ್ಬಿಸಲು ಆಗಲಿಲ್ಲ. ಮುಂದಿನ ವಾರ ಮತ್ತೆ ಬಾ ಅಂದರು, ಬರಲೇ ಇಲ್ಲ. 17 ವರ್ಷ ಕಳೆದು 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಕೂಡಿಸಿದರೆ ಒಂದು ನಿಮಿಷ ತುಂಬುವುದರೊಳಗೆ ಬೆನ್ನಿಗೆ ಮಣ್ಣು. “ಅದಪ್ಪ!” ಎಂದು ದೊಡ್ಡಪ್ಪ ತೊಡೆ ತಟ್ಟಿದರು. ಅಷ್ಟು ವರ್ಷ ನೆನೆಹಾಕಿದ ಹಿಟ್ಟು ಅಲ್ಲಿ ಮಾತ್ರ ಹೇಗೆ ಕೆಡಲಿಲ್ಲ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಹಾಗಂತ ಕುಸ್ತಿಯೆಲ್ಲ ಸತ್ಯಹರಿಶ್ಚಂದ್ರನ ವಂಶ ಎಂದು ತಿಳಿಯಬೇಡಿ. ಒಂದು ಜಾತ್ರೆಯಲ್ಲಿ ಎದುರಾಳಿಯ ಜೊತೆ ಮೊದಲೇ ಮಾತಾಡಿಕೊಂಡು, ಮುಕ್ಕಾಲು ಗಂಟೆ ಒಬ್ಬರನ್ನೊಬ್ಬರು ತಬ್ಬಿ ನಿಂತು, ಸಮ ಮಾಡಿಸಿಕೊಂಡು ಬಹುಮಾನ ಹಂಚಿಕೊಂಡದ್ದನ್ನು ದೊಡ್ಡಪ್ಪ ನಗುತ್ತಾ ಒಪ್ಪಿಕೊಂಡರು. ಜನ ಬೈದರಂತೆ. “ಬೈದವರೂ ಹಬ್ಬದ ಊಟ ಮಾಡಿ ಮಲಗಿದ್ರು ಬಿಡು.”

ನನಗೆ ಕೇಳಿದರೆ ಫ್ಲೆಕ್ಸಿನ ಅಳತೆಗೆ ಪಂದ್ಯವೂ ಬೆಳೆದು ನಿಂತದ್ದು 1971ರ ಮಾರ್ಚ್ 8ರಂದು. ಅಲಿ, ಫ್ರೇಜಿಯರ್ ಇಬ್ಬರೂ ಒಮ್ಮೆಯೂ ಸೋಲದವರು. ಒಬ್ಬನ ಪಟ್ಟವನ್ನು ವಿಯಟ್ನಾಂ ಯುದ್ಧಕ್ಕೆ ಹೋಗಲ್ಲ ಎಂದದ್ದಕ್ಕೆ ಕಿತ್ತುಕೊಂಡಿದ್ದರು, ಇನ್ನೊಬ್ಬ ಆ ಖಾಲಿ ಜಾಗದಲ್ಲಿ ಬೆವರು ಸುರಿಸಿ ಬೆಳೆದವನು. ಇಬ್ಬರಿಗೂ ಹಕ್ಕಿತ್ತು, ಇಬ್ಬರಿಗೂ ಪ್ರಾಯ ಇತ್ತು, ತಪ್ಪಿಸಿಕೊಳ್ಳಲು ಬೇರೆ ಬೆಲ್ಟು ಇರಲಿಲ್ಲ. ತಲಾ 25 ಲಕ್ಷ ಡಾಲರ್. ರಿಂಗಿನ ಅಂಚಿನಲ್ಲಿ ಜಾಗ ಸಿಗಲಿ ಎಂದು ಗಾಯಕ ಫ್ರಾಂಕ್ ಸಿನಾತ್ರಾ ಪತ್ರಿಕೆಗೆ ಫೋಟೊ ತೆಗೆಯುವವನಾಗಿ ಕ್ಯಾಮೆರಾ ಹಿಡಿದು ನಿಂತಿದ್ದ. 15ನೇ ರೌಂಡಿನಲ್ಲಿ ಫ್ರೇಜಿಯರ್‌ನ ಎಡಗೈ ಹುಕ್ಕಿಗೆ ಅಲಿ ಅಂಗಾತ ಬಿದ್ದ, ಬಿದ್ದಷ್ಟೇ ಬೇಗ ಎದ್ದ, ಸೋತ. ನೋಡಿದವರು ಇವತ್ತಿಗೂ ದುಡ್ಡು ವಾಪಸು ಕೇಳಿಲ್ಲ.

“ಅಂದ್ರೆ ಸರ್, ಫೋಟೋಗ್ರಾಫರ್ ಮುಖ್ಯ,” ಎಂದು ಹುಡುಗ ಬರೆದುಕೊಂಡು ಎದ್ದ. ಮಂಡಕ್ಕಿ ಮುಗಿದಿತ್ತು.

ಎರಡು ದಿನ ಬಿಟ್ಟು ರಾತ್ರಿ ಫೋನು. “ಸರ್, ಫ್ಲೆಕ್ಸ್ ಪ್ರಿಂಟಿಗೆ ಹೊಂಟೈತೆ. ಡೇಟು ‘ಶೀಘ್ರದಲ್ಲಿ’ ಅಂತ ಹಾಕೀವಿ, ನೀವು ಹೇಳ್ದಂಗೆ. ಜೋಡಿ ಇನ್ನೂ ಸಿಕ್ಕಿಲ್ಲ. ಶುಭ ಕೋರುವವರಾಗೆ ಒಂದು ಜಾಗ ಐತೆ. ಅಂತರರಾಷ್ಟ್ರೀಯ ಬಾಕ್ಸಿಂಗ್ ಸಲಹೆಗಾರರು ಅಂತ ನಿಮ್ಮದು ಹಾಕಾಣ?”

ಖಡಾಖಂಡಿತ ಬೇಡ ಎನ್ನಲು ಬಾಯಿ ತೆರೆದೆ.

“ಎಲ್ಲಿ ಬರ್ತದೆ? ಕೆಳಗಿನ ಸಾಲಾ?”

“ಅಯ್ಯೋ ಇಲ್ಲ ಸರ್, ಅಡಿಕೆ ಸಾಹುಕಾರ್ರ ಮಗ್ಗುಲಿಗೇ.”

ಮೊಬೈಲಿನಲ್ಲಿ ಫೋಟೊ ಹುಡುಕುತ್ತಾ ಕೂತೆ. ಅಣ್ಣನ ಮಗಳ ಮದುವೆಯದು ಒಂದಿತ್ತು, ಕೋಟು ಹಾಕಿದ್ದು. ದೊಡ್ಡಪ್ಪ ಹಿಂದಿನಿಂದ ಬಗ್ಗಿ ನೋಡಿ, “ಕಪ್ಪು ಕನ್ನಡಕದ್ದು ಕಳ್ಸಲೇ, ವಯಸ್ಸು ಗೊತ್ತಾಗಲ್ಲ,” ಅಂದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

“ನಂದೂ ಒಂದು ಹಾಕ್ತಾರೇನು ಕೇಳು. ಕಿವಿ ಕಾಣಂಗಿರ್ಲಿ.”